ಮೊದಲು ಚಪ್ಪರ, ಆಮೇಲೆ ಬೀಜ: ಕಾರವಾರದ ಹಿತ್ತಲಲ್ಲಿ ಸಸಿ ಎಬ್ಬಿಸಿದ್ದು

ಬೀಜದ ಪ್ಯಾಕೆಟ್ಟಿನ ಹಿಂದೆ ‘ಬಿತ್ತನೆ ಕಾಲ: ಜೂನ್–ಜುಲೈ’ ಎಂದು ಅಚ್ಚಾಗಿರುತ್ತದೆ. ಧಾರವಾಡದವರಿಗೆ ಅದು ಸರಿ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ನಮ್ಮ ಕಾಲು ಭಾಗದ ಆಸುಪಾಸು ಅಷ್ಟೇ. ಕಾರವಾರದಲ್ಲಿ ಸುಮಾರು 3,000 ಮಿಲಿಮೀಟರ್ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಜುಲೈಯಲ್ಲಿ ಬಯಲಲ್ಲಿ ಹರಿವೆ ಬೀಜ ಚೆಲ್ಲಿ ನೋಡಿ. ಮೊಳೆಯುವ ಮೊದಲೇ ಅದು ಪಕ್ಕದ ಮನೆಯ ಗಟಾರ ಸೇರಿರುತ್ತದೆ.

ಹಾಗಾಗಿ ಬೀಜಕ್ಕೆ ದುಡ್ಡು ಹಾಕುವ ಮೊದಲು ಬೀಜ ಕೂರುವ ಜಾಗಕ್ಕೆ ಹಾಕಿದೆ. ಮೇಲಿನಿಂದ ನೀರು ಬೀಳಬಾರದು, ಕೆಳಗೆ ನೀರು ನಿಲ್ಲಬಾರದು. ಇವೆರಡು ಆದರೆ ಕರಾವಳಿಯಲ್ಲಿ ಮೊಳಕೆ ತರಿಸುವುದು ಬೇರೆ ಕಡೆಗಿಂತ ಸುಲಭ. ಟೊಮೇಟೊ, ಮೆಣಸು (ಮೆಣಸಿನಕಾಯಿ), ಬದನೆ ಬೀಜಕ್ಕೆ 25ರಿಂದ 30 ಡಿಗ್ರಿ ಕಾವು ಇಷ್ಟ. ಚಳಿ ದೇಶದವರು ಅದಕ್ಕಾಗಿ ಟ್ರೇ ಕೆಳಗೆ ಕರೆಂಟಿನ ಬಿಸಿ ಚಾಪೆ ಹಾಸುತ್ತಾರಂತೆ. ನಾವು ಬೈಯುವ ಸೆಕೆ ನಮಗೆ ಅದನ್ನು ಪುಕ್ಕಟೆ ಕೊಡುತ್ತದೆ.

ಮೇ: ಕಟ್ಟೆ ಮತ್ತು ಚಪ್ಪರ

ಜಾಗ ಆರು ಅಡಿ ಉದ್ದ, ಮೂರು ಅಡಿ ಅಗಲ. ಉದ್ದ ಉತ್ತರ–ದಕ್ಷಿಣಕ್ಕೆ ಬರುವ ಹಾಗೆ ಇಟ್ಟೆ. ಇದಕ್ಕೆ ಕಾರಣ ಇದೆ. ಮಳೆಗಾಲದ ಗಾಳಿ ನಮಗೆ ಪಶ್ಚಿಮದಿಂದ, ನೈಋತ್ಯದಿಂದ ಬರುತ್ತದೆ. ಚಪ್ಪರದ ತಗ್ಗು ಬದಿ ಪಶ್ಚಿಮಕ್ಕಿದ್ದರೆ ಮಳೆ ಶೀಟಿನ ಮೇಲೆ ಜಾರಿ ಹೋಗುತ್ತದೆ. ಎತ್ತರದ ಬದಿ ಪೂರ್ವಕ್ಕೆ ತೆರೆದಿದ್ದರೆ ಬೆಳಗಿನ ಬಿಸಿಲು ನೇರವಾಗಿ ಟ್ರೇ ಮೇಲೆ ಬೀಳುತ್ತದೆ. ಇದನ್ನು ತಿರುಗುಮುರುಗು ಮಾಡಿದರೆ ಗಾಳಿ ಶೀಟನ್ನು ಕೆಳಗಿನಿಂದ ಹಿಡಿದು ಎತ್ತುತ್ತದೆ, ಮಳೆಯೂ ಒಳಗೇ ಬರುತ್ತದೆ.

ಕಟ್ಟೆಗೆ ಕಂಪೌಂಡಿನಿಂದ ಉಳಿದ ಚಿರೆಕಲ್ಲು ಇದ್ದವು. ನಾಲ್ಕು ಮೂಲೆಗೆ ಮತ್ತು ಉದ್ದದ ಎರಡೂ ಬದಿಯ ನಡುವೆ ಕಲ್ಲಿನ ಮೇಲೆ ಕಲ್ಲು ಇಟ್ಟು ಮೊಣಕಾಲಿನ ಮೇಲಿನ ಎತ್ತರಕ್ಕೆ ಆರು ಕಂಬ ಮಾಡಿದೆ. ಗಾರೆ ಹಾಕಿಲ್ಲ. ಉದ್ದಕ್ಕೆ ಎರಡು ದಪ್ಪ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ), ಅದರ ಮೇಲೆ ಅಡ್ಡಡ್ಡ ತೆಳು ದಬ್ಬೆ, ಒಂದು ಬೆರಳು ಸಂದಿ ಬಿಟ್ಟು. ಈ ಸಂದಿಯೇ ಇಡೀ ಕಟ್ಟೆಯ ಜೀವ. ಟ್ರೇ ಅಡಿಯಿಂದ ನೀರು ಇಳಿಯುತ್ತದೆ, ಗಾಳಿ ಮೇಲೆ ಬರುತ್ತದೆ. ಹಲಗೆ ಅಥವಾ ಶೀಟಿನ ಮೇಲೆ ಟ್ರೇ ಇಟ್ಟರೆ ತೂತು ಎಷ್ಟಿದ್ದರೂ ನೀರು ಅಡಿಯಲ್ಲೇ ಹಿಡಿದುಕೊಳ್ಳುತ್ತದೆ. ದಬ್ಬೆ ಶಿರಸಿ ಕಡೆಯಿಂದ ಬಂದ ಹಳೆಯ ಮರದ್ದು. ಎರಡು ಮಳೆಗಾಲ ತಡೆದರೆ ಜಾಸ್ತಿ. ಆಮೇಲೆ ಬಚ್ಚಲೊಲೆಗೆ ಆಯ್ತು.

ಮೇಲೆ ಪೂರ್ವಕ್ಕೆ ಆರಡಿ, ಪಶ್ಚಿಮಕ್ಕೆ ನಾಲ್ಕೂವರೆ ಅಡಿ ಎತ್ತರದ ಕಂಬಗಳು, ಒಂದೂವರೆ ಅಡಿ ನೆಲದೊಳಗೆ. ಹೊದಿಕೆಗೆ 200 ಮೈಕ್ರಾನಿನ ಯುವಿ ಶೀಟ್, ಪಾಲಿಹೌಸಿಗೆ ಬಳಸುವ ಜಾತಿಯದ್ದು. ಪೇಟೆಯಲ್ಲಿ ಸಿಗುವ ಮಾಮೂಲಿ ಪಾರದರ್ಶಕ ಪ್ಲಾಸ್ಟಿಕ್ ಅಗ್ಗ, ಆದರೆ ಬಿಸಿಲು ತಿಂದು ಬೇಗ ಹಪ್ಪಳದ ಹಾಗೆ ಮುರಿಯುತ್ತದೆ. ಶೇ 50ರ ನೆರಳು ಬಲೆ ಕೂಡ ತಂದೆ. ಅದು ಬೇಕಾಗುವುದು ಮೇ ತಿಂಗಳ ಮತ್ತು ಅಕ್ಟೋಬರ್‌ನ ಸುಡು ಮಧ್ಯಾಹ್ನಕ್ಕೆ ಮಾತ್ರ. ಮಳೆಗಾಲದಲ್ಲಿ ಮೋಡವೇ ಬಲೆ ಹಾಕಿರುತ್ತದೆ, ಇನ್ನೊಂದು ಹಾಕಿದರೆ ಸಸಿ ಬೆಳಕು ಹುಡುಕಿಕೊಂಡು ಉದ್ದ ಉದ್ದ ಬೆಳೆದು ಅಡ್ಡ ಬೀಳುತ್ತದೆ.

ಪಶ್ಚಿಮದ ಬದಿಗೆ ಎರಚಲು ತಡೆಯಲು ತೆಂಗಿನ ಮಡಲು ಹೆಣೆದ ತಟ್ಟಿ ಕಟ್ಟಿದೆ. ಉಳಿದ ಮೂರು ಬದಿ ಖಾಲಿ. ಸುತ್ತ ಶೀಟ್ ಮುಚ್ಚಿದರೆ ಒಳಗೆ ಹಬೆ ಕಟ್ಟುತ್ತದೆ, ಸಸಿಗೆ ಬರುವ ಅರ್ಧ ಕಾಯಿಲೆ ಆ ಹಬೆಯದ್ದೇ.

ಮಣ್ಣು, ಉಪ್ಪು, ನೀರು

ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಸಮುದ್ರದ ಹತ್ತಿರ ಇರುವವರಿಗೆ ಬೀಜ ಕೈಕೊಡುವುದು ಹೆಚ್ಚಾಗಿ ಇಲ್ಲೇ.

ಹಿತ್ತಲಿನ ಮಣ್ಣು ಎರಡು ಥರ. ಅಡಿಯಲ್ಲಿ ಹೊಯಿಗೆ, ಅಂದರೆ ಮರಳು, ಮೇಲೆ ಮನೆ ಕಟ್ಟುವಾಗ ತುಂಬಿಸಿದ ಕೆಂಪು ಜಂಬಿಟ್ಟಿಗೆ ಮಣ್ಣು. ಹೊಯಿಗೆ ನೀರು ಹಿಡಿಯುವುದಿಲ್ಲ. ಕೆಂಪು ಮಣ್ಣಿನ ಸಾರ ಪ್ರತಿ ಮಳೆಗಾಲ ತೊಳೆದು ಹೋಗಿ ಅದು ಹುಳಿ ಮಣ್ಣಾಗಿದೆ. ಹುಳಿ ಎಷ್ಟು ಎಂದು ತಿಳಿಯಬೇಕಾದರೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಬಹುದು. ಹಿತ್ತಲ ಮಟ್ಟಿಗೆ ನಾನು ಮಾಡಿದ್ದು ಇಷ್ಟು: ಬಯಲಲ್ಲಿ ಗಿಡಕ್ಕೆಂದು ಎತ್ತರಿಸಿದ ಮಣ್ಣಿನ ಏರಿಗೆ ಮೇ ತಿಂಗಳಲ್ಲೇ ಚಿಪ್ಪಿನ ಸುಣ್ಣ ಬೆರೆಸಿದೆ, ಗೊಬ್ಬರವನ್ನು ಒಂದೆರಡು ವಾರ ಬಿಟ್ಟು ಹಾಕಿದೆ. ಸುಣ್ಣ ಮತ್ತು ಹಸಿ ಗೊಬ್ಬರ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮೂಗಿಗೆ ಗೊತ್ತಾಗುತ್ತದೆ.

ಟ್ರೇಗೆ ಬೇರೆ ಮಣ್ಣು. ಒಂದು ಪಾಲು ಜರಡಿ ಹಿಡಿದ ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಎರಡು ಪಾಲು ಕೊಕೊಪೀಟ್. ಕೊಕೊಪೀಟ್ ಅಂದರೆ ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಪುಡಿ. ನಾರು ಬಿಡಿಸಲು ಸಿಪ್ಪೆಯನ್ನು ಎಷ್ಟೋ ಕಡೆ ಹಿನ್ನೀರಿನ ಉಪ್ಪು ನೀರಲ್ಲಿ ಕೊಳೆಹಾಕುತ್ತಾರೆ. ಆ ಉಪ್ಪು ಪುಡಿಯಲ್ಲೂ ಉಳಿದಿರುತ್ತದೆ. ಇಟ್ಟಿಗೆಯಂತೆ ಒತ್ತಿದ ಕೊಕೊಪೀಟನ್ನು ಸಿಹಿನೀರಲ್ಲಿ ರಾತ್ರಿ ನೆನೆಸಿ, ಗೋಣಿಯಲ್ಲಿ ಕಟ್ಟಿ ಹಿಂಡಿ, ಮತ್ತೆ ನೆನೆಸಿ ಹಿಂಡಬೇಕು. ಮೊದಲ ಸಲದ ನೀರು ಚಹಾ ಬಣ್ಣಕ್ಕಿರುತ್ತದೆ. ಅದು ತಿಳಿಯಾಗುವವರೆಗೆ ತೊಳೆಯುವುದು ಒಳ್ಳೆಯದು.

ಕಡಲ ತೀರದ ಹೊಯಿಗೆ ಬೇಡವೇ ಬೇಡ. ಉಪ್ಪು ಒಂದು ಕಡೆ, ಚಿಪ್ಪಿನ ಚೂರು ಇನ್ನೊಂದು ಕಡೆ. 

ಬಾವಿ ನೀರಿನ ಮೇಲೂ ಅನುಮಾನ ಇತ್ತು. ಏಪ್ರಿಲ್–ಮೇಯಲ್ಲಿ ನಮ್ಮ ಬಾವಿ ಸವಳಾಗುತ್ತದೆ, ಚಹಾ ಮಾಡಿದರೆ ನಾಲಿಗೆಗೆ ತಿಳಿಯುತ್ತದೆ. ಪರೀಕ್ಷೆಗೆ ಮೀಟರ್ ಏನೂ ಬೇಕಿಲ್ಲ. ಎರಡು ತಟ್ಟೆಯಲ್ಲಿ ಬಟ್ಟೆ ಹಾಸಿ ಅಡುಗೆಮನೆಯ ಹೆಸರುಕಾಳು ಹಾಕಿದೆ. ಒಂದಕ್ಕೆ ನಳದ ನೀರು, ಇನ್ನೊಂದಕ್ಕೆ ಬಾವಿಯ ನೀರು. ನಳದ ನೀರಿನ ಕಾಳು ಉದ್ದ ಬಿಳಿ ಬೇರು ಬಿಟ್ಟಿತು. ಬಾವಿ ನೀರಿನದ್ದು ಗಿಡ್ಡ, ತುದಿ ಕಂದು. ಅಲ್ಲಿಗೆ ಮಳೆ ಬರುವವರೆಗೆ ಸಸಿಗೆ ನಳದ ನೀರೇ ಎಂದು ತೀರ್ಮಾನ ಆಯ್ತು. ದ್ವಿದಳ ಧಾನ್ಯದ ಗಿಡಗಳು, ಮೆಣಸು ಉಪ್ಪಿಗೆ ಬೇಗ ಸೋಲುತ್ತವೆ. ಎಲೆಯ ಅಂಚು ಸುಟ್ಟಂತೆ ಕಂಡರೆ ಗೊಬ್ಬರ ಹಾಕಲು ಓಡಬೇಡಿ, ಮೊದಲು ನೀರಿನ ರುಚಿ ನೋಡಿ.

ಕೊನೆಯ ಕೆಲಸ ಮಣ್ಣಿನ ಬೂಸ್ಟು ಕೊಲ್ಲುವುದು. ಮಣ್ಣು–ಗೊಬ್ಬರದ ಮೇಲೆ ಹಂಡೆಯ ಕುದಿಯುವ ನೀರು ಸುರಿದು, ಆರಿದ ಮೇಲೆ ಕೊಕೊಪೀಟ್ ಬೆರೆಸಿದೆ. ಪೂರ್ತಿ ತಣ್ಣಗಾದ ಮೇಲೆ ಟ್ರೈಕೋಡರ್ಮಾ ಪುಡಿ, ಗೊಬ್ಬರದ ಕೆಜಿಗೆ ಹತ್ತು ಗ್ರಾಂ ಲೆಕ್ಕದಲ್ಲಿ. ಅದು ಒಳ್ಳೆಯ ಬೂಸ್ಟು. ಬಿಸಿಯಲ್ಲೇ ಹಾಕಿದರೆ ಅದೂ ಸತ್ತು ಹೋಗುತ್ತದೆ.

ಬೀಜ

ಕಾರವಾರದ ರವಿವಾರದ ಸಂತೆಗೆ ಅಂಕೋಲಾ ಕಡೆಯ ಹಾಲಕ್ಕಿ ಸಮುದಾಯದ ಹೆಂಗಸರು ತರಕಾರಿ ತರುತ್ತಾರೆ. ಮಳೆಗಾಲದಲ್ಲಿ ಅವರ ಬುಟ್ಟಿಯಲ್ಲಿ ಏನಿರುತ್ತದೋ ಅದು ಈ ಮಣ್ಣಿಗೆ ಆಗುವ ಬೆಳೆ. ನೂರು ವಿಡಿಯೋ ನೋಡುವುದಕ್ಕಿಂತ ಆ ಬುಟ್ಟಿ ನೋಡುವುದು ಲೇಸು. ಹರಿವೆ ಕಟ್ಟು ಕೊಳ್ಳುತ್ತ ಟೊಮೇಟೊ ವಿಚಾರ ಕೇಳಿದೆ. “ಮಳೆಗೆ ಟೊಮೇಟೊ ಹಾಕೂದಲ್ಲ ತಮಾ, ಬೆಂಡೆ ಹಾಕು. ಟೊಮೇಟೊ ಚೌತಿ ಕಳೆದ ಮೇಲೆ” ಎಂದರು. ಹಾಗಾದರೆ ಬೆಂಡೆ ಬೀಜ ಇದೆಯಾ ಅಮ್ಮ ಎಂದೆ. ಮುಂದಿನ ವಾರ ಒಂದು ಕಾಗದದ ಪೊಟ್ಟಣ ತಂದುಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ, ಇನ್ನೊಂದು ಕಟ್ಟು ಹರಿವೆ ತಗೋ ಎಂದರು.

ಶಿರಸಿಯ ವನಸ್ತ್ರೀ ಬಳಗವೂ ಮಲೆನಾಡಿನ ಹೆಂಗಸರು ಹಿತ್ತಲಲ್ಲಿ ಕಾಪಾಡಿಕೊಂಡು ಬಂದ ಬೀಜ ಹಂಚುತ್ತದೆ. ಇಂಥ ನಾಟಿ ಬೀಜದ ಗುಣ ಅಂದರೆ ನಾವೂ ಅದರಿಂದ ಬೀಜ ಉಳಿಸಿಕೊಳ್ಳಬಹುದು. ಪ್ಯಾಕೆಟ್ ಮೇಲೆ ‘ಎಫ್1’ ಎಂದಿದ್ದರೆ ಅದು ಹೈಬ್ರಿಡ್. ಅದರ ಕಾಯಿಯ ಬೀಜ ಬಿತ್ತಿದರೆ ಅದೇ ಗಿಡ ಬರುವುದಿಲ್ಲ. ಹಾಗೆಂದು ಹೈಬ್ರಿಡ್ ಅಂದರೆ ಮೂಗು ಮುರಿಯಬೇಕಾಗಿಲ್ಲ. ಟೊಮೇಟೊಗೆ ನಾನೇ ಹೈಬ್ರಿಡ್ ಆರಿಸಿದೆ, ಕಾರಣ ಮುಂದೆ ಹೇಳುತ್ತೇನೆ.

ಹಳೆಯ ಬೀಜ ಇದ್ದರೆ ನೀರಲ್ಲಿ ತೇಲುತ್ತದೋ ಮುಳುಗುತ್ತದೋ ನೋಡುವುದು ನಂಬುವ ಪರೀಕ್ಷೆಯಲ್ಲ. ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಎಷ್ಟು ಮೊಳೆತವು ಎಣಿಸಿ. ಆರು ಮೊಳೆತರೆ ಸ್ವಲ್ಪ ದಟ್ಟ ಬಿತ್ತಿ. ಎರಡು ಮೊಳೆತರೆ ಹೊಸದು ತನ್ನಿ.

ರೋಹಿಣಿ ಮಳೆಗೆ ಬಿತ್ತಿದ್ದು

ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರಾ, 22ರ ಹೊತ್ತಿಗೆ ಆರಿದ್ರಾ. ಆರಿದ್ರಾ ಬಂದು ಜಡಿ ಹಿಡಿಯುವ ಮೊದಲು ಬಯಲಿನ ಗಿಡ ಒಂದು ಗೇಣು ಎದ್ದಿರಬೇಕು. ಈ ಒಂದು ಲೆಕ್ಕ ಸಾಕು.

ಬೆಂಡೆಯನ್ನು ರಾತ್ರಿ ನೆನೆಸಿ ನೇರವಾಗಿ ಏರಿಯಲ್ಲೇ ಊರಿದೆ. ಏರಿ ಒಂದಡಿ ಎತ್ತರ, ನಡುವೆ ನೀರು ಹೋಗಲು ಕಾಲುವೆ. ನಾಲ್ಕೈದು ದಿನಕ್ಕೆ ಮೊಳೆಯುತ್ತದೆ. ಮೊಗೆಕಾಯಿ (ಸಾಂಬಾರ್ ಸೌತೆ), ಹೀರೆ, ಹಾಗಲದ ಬೀಜಗಳನ್ನು ಅಡಿಗೆ ತೂತು ಮಾಡಿದ ಹಾಲಿನ ಕೊಟ್ಟೆಯಲ್ಲಿ ಹಾಕಿ ಕಟ್ಟೆಯ ಮೇಲಿಟ್ಟೆ. ಬಳ್ಳಿ ಜಾತಿಗೆ ಬೇರು ಅಲುಗಿದರೆ ಆಗುವುದಿಲ್ಲ. ಎರಡು ನಿಜವಾದ ಎಲೆ ಬರುತ್ತಲೇ ಕೊಟ್ಟೆ ಸೀಳಿ ಮಣ್ಣಿನ ಮುದ್ದೆ ಸಮೇತ ಇಳಿಸಬೇಕು. ಅಲಸಂದೆಗೆ ಏನೂ ಬೇಡ, ಊರಿ ಬಿಟ್ಟರೆ ಬರುತ್ತದೆ.

ಆಳದ ನಿಯಮ ಸುಲಭ: ಬೀಜದ ದಪ್ಪದ ಎರಡು–ಮೂರು ಪಟ್ಟು ಮಣ್ಣು ಮೇಲೆ. ಮೊಗೆ ಬೀಜ ಸ್ವಲ್ಪ ಆಳಕ್ಕೆ ಹೋಗಬಹುದು. ಹರಿವೆ ಬೀಜಕ್ಕೆ ಮಣ್ಣು ಉದುರಿಸುವುದು ಕೂಡ ಹೆಚ್ಚಾಗುತ್ತದೆ. ಒಣ ಹೊಯಿಗೆ ಜೊತೆ ಬೆರೆಸಿ ಚೆಲ್ಲಿ, ಅಂಗೈಯಿಂದ ಮೆಲ್ಲಗೆ ಒತ್ತಿದರೆ ಮುಗಿಯಿತು. ಮೆಣಸಿಗೆ ಮಾತ್ರ ತಾಳ್ಮೆ ಬೇಕು. ಹರಿವೆ ಮೂರ್ನಾಲ್ಕು ದಿನಕ್ಕೆ ಏಳುತ್ತದೆ, ಮೆಣಸು ಎರಡು ವಾರ ತೆಗೆದುಕೊಳ್ಳಬಹುದು. ಬರಲಿಲ್ಲ ಎಂದು ಕೆದಕಿ ನೋಡುವವರೇ ಅದನ್ನು ಹೆಚ್ಚು ಕೊಲ್ಲುವುದು.

ಹೂವಿನಲ್ಲಿ ಕರ್ಣಕುಂಡಲ ಮೊದಲು. ಮಳೆಯೆಂದರೆ ಅದಕ್ಕೆ ಹಬ್ಬ. ಒಮ್ಮೆ ಬೆಳೆಸಿದರೆ ಕಾಯಿ ತಾನೇ ಸಿಡಿದು ಮುಂದಿನ ವರ್ಷ ಕರೆಯದೇ ಬರುತ್ತದೆ. ಡೇರೆ ಬೀಜದಿಂದಲೂ ಆಗುತ್ತದೆ, ಆದರೆ ತಾಯಿಯ ಬಣ್ಣವೇ ಬರಬೇಕಾದರೆ ಗಡ್ಡೆ ನೆಡಬೇಕು. ಶಿರಸಿಯ ಅಂಗಳಗಳಲ್ಲಿ ಗಡ್ಡೆ ಕೈಯಿಂದ ಕೈಗೆ ಹೋಗುವುದು ಅದಕ್ಕೇ. ಶಂಖಪುಷ್ಪದ ಸಿಪ್ಪೆ ಗಟ್ಟಿ. ಚಿರೆಕಲ್ಲಿನ ಮೇಲೆ ಸ್ವಲ್ಪ ಉಜ್ಜಿ ನೆನೆಹಾಕಿದರೆ ಬೇಗ ಮೊಳೆಯುತ್ತದೆ.

ಗಾಳಿಗೆ ಹರಿದ ಶೀಟ್, ರಿಪೇರಿ

ಮೃಗಶಿರಾ ಗಾಳಿಗೆ ಶೀಟಿನ ಪಶ್ಚಿಮದ ಅಂಚು ಹಗ್ಗದ ತೂತಿನಿಂದಲೇ ಸೀಳಿತು. ನಡುವೆ ಹೊಟ್ಟೆ ಬಿಟ್ಟು ನೀರೂ ನಿಂತಿತ್ತು. ಹೊಸ ಶೀಟ್ ಬೇಕಾಗಲಿಲ್ಲ. ಸೀಳಿದ ಭಾಗ ಕತ್ತರಿಸಿ, ಅಂಚನ್ನು ಒಂದು ತೆಳು ದಬ್ಬೆಗೆ ಎರಡು ಸುತ್ತು ಸುತ್ತಿ, ಮೇಲೆ ಇನ್ನೊಂದು ದಬ್ಬೆ ಇಟ್ಟು ಎರಡನ್ನೂ ಮೊಳೆಯಿಂದ ಬಿಗಿದೆ. ಈಗ ಗಾಳಿಯ ಎಳೆತ ಒಂದು ತೂತಿನ ಮೇಲೆ ಬೀಳದೆ ಇಡೀ ಅಂಚಿನ ಮೇಲೆ ಹಂಚಿ ಹೋಗುತ್ತದೆ. ಹೊಟ್ಟೆ ಬಿಡದ ಹಾಗೆ ನಡುವೆ ಒಂದು ಅಡ್ಡ ಗಳ ಸೇರಿಸಿದೆ. ಕಂಬಕ್ಕೆ ಕಟ್ಟಲು ಹಗ್ಗದ ಬದಲು ಹಳೆಯ ಸೈಕಲ್ ಟ್ಯೂಬಿನ ಪಟ್ಟಿ. ಗಾಳಿ ಬಂದಾಗ ಅದು ಸ್ವಲ್ಪ ಹಿಗ್ಗಿ ಮತ್ತೆ ಬಿಗಿಯಾಗುತ್ತದೆ. ಜುಲೈಯ ಗಾಳಿ ಇದನ್ನು ಅಲುಗಿಸಲಿಲ್ಲ.

ಬುಡ ಕೊಳೆತು ಬೀಳುವ ಸಸಿ

ರಾತ್ರಿ ನಿಂತಿದ್ದ ಸಸಿ ಬೆಳಿಗ್ಗೆ ಮಲಗಿರುತ್ತದೆ. ಎಲೆ ಹಸಿರೇ ಇರುತ್ತದೆ, ಮಣ್ಣಿಗೆ ತಾಗುವ ಜಾಗದಲ್ಲಿ ದಂಟು ನೂಲಿನಷ್ಟು ತೆಳ್ಳಗಾಗಿ ಕಪ್ಪಾಗಿರುತ್ತದೆ. ಬದನೆ ಟ್ರೇಯ ಒಂದು ಮೂಲೆಯಲ್ಲಿ ಇದು ಶುರುವಾಯಿತು. ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿ, ರೈಜೋಕ್ಟೋನಿಯಾ ಎಂಬ ಶಿಲೀಂಧ್ರ, ಇಂಥವುಗಳ ಕೆಲಸ ಇದು. ಬಿದ್ದ ಸಸಿಗೆ ಮದ್ದಿಲ್ಲ. ಉಳಿದವನ್ನು ಉಳಿಸಿಕೊಳ್ಳಬೇಕು ಅಷ್ಟೇ.

ಆ ಮೂಲೆಯ ಸಸಿ ಮತ್ತು ಮಣ್ಣನ್ನು ಚಮಚದಿಂದ ಪೂರ್ತಿ ತೋಡಿ ದೂರ ಎಸೆದೆ. ಟ್ರೇಯನ್ನು ಎತ್ತರದ ಬದಿಗೆ, ಗಾಳಿ ಬೀಸುವಲ್ಲಿಗೆ ಸರಿಸಿದೆ. ಗುಂಪಾಗಿದ್ದ ಕಡೆ ಕತ್ತರಿಯಿಂದ ತೆಳುಗೊಳಿಸಿದೆ. ಕಿತ್ತರೆ ಪಕ್ಕದ್ದರ ಬೇರೂ ಬರುತ್ತದೆ. ನೀರು ಮೇಲಿನಿಂದ ಚಿಮುಕಿಸುವುದು ಬಂದ್. ಬೆಳಿಗ್ಗೆ ಮಾತ್ರ ಟ್ರೇಯನ್ನು ನೀರಿನ ಬೋಗುಣಿಯಲ್ಲಿ ಇಟ್ಟು, ಮೇಲ್ಮಣ್ಣು ಕಪ್ಪಾದ ಕೂಡಲೇ ಎತ್ತುವುದು. ಜುಲೈಯ ಗಾಳಿಯಲ್ಲೇ ಅಷ್ಟು ತೇವ ಇರುತ್ತದೆ, ಎಷ್ಟೋ ದಿನ ನೀರೇ ಬೇಡ. ಟ್ರೇ ಎತ್ತಿ ನೋಡಿದರೆ ಗೊತ್ತಾಗುತ್ತದೆ, ಭಾರ ಇದ್ದರೆ ಸುಮ್ನೆ ಇಟ್ಟುಬಿಡಿ.

ಹುಳದ ಕಡೆ ಬಂದರೆ, ಮೊಗೆ ಮತ್ತು ಹೀರೆಯ ಬೀಜದೆಲೆಯನ್ನು ತೂತು ತೂತು ಮಾಡುವುದು ಕಿತ್ತಳೆ ಬಣ್ಣದ ಕುಂಬಳ ದುಂಬಿ. ಬೆಳಿಗ್ಗೆ ಬೇಗ ಹೋದರೆ ಮಂಕಾಗಿ ಕೂತಿರುತ್ತದೆ, ಹಿಡಿದು ಸೋಪಿನ ನೀರಿಗೆ ಹಾಕುವುದು. ನಾಲ್ಕೈದು ಎಲೆ ಬಂದ ಮೇಲೆ ಗಿಡವೇ ತಡೆದುಕೊಳ್ಳುತ್ತದೆ. ಬಸವನಹುಳುವಿಗೆ ರಾತ್ರಿ ಟಾರ್ಚ್ ಹಿಡಿದು ಹೋಗುವುದೇ ಮದ್ದು. ಉಪ್ಪು ಹಾಕಿದರೆ ಅದು ಸಾಯುತ್ತದೆ, ಜೊತೆಗೆ ಮಣ್ಣೂ ಕೆಡುತ್ತದೆ. ಕಟ್ಟೆಯ ಸುತ್ತ ಬಚ್ಚಲೊಲೆಯ ಬೂದಿ ಹಾಕಿದೆ. ಬಯಲಲ್ಲಿ ಹಾಕಿದ್ದರೆ ಒಂದೇ ಮಳೆಗೆ ಹೋಗುತ್ತಿತ್ತು. ಚಪ್ಪರದಡಿ ಒಣಗೇ ಇರುವುದರಿಂದ ಕೆಲಸ ಮಾಡಿತು.

ಮಳೆ ಬಿಟ್ಟ ಮೇಲೆ

ಗೊಂಡೆ ಹೂ ದೀಪಾವಳಿಗೆ ಬೇಕಾದರೆ ಆಗಸ್ಟ್ ಮೊದಲ ವಾರ ಬೀಜ ಬೀಳಬೇಕು. ದೊಡ್ಡ ಜಾತಿಗೆ ಬೀಜದಿಂದ ಹೂವಿಗೆ ಎರಡೂವರೆ–ಮೂರು ತಿಂಗಳು ಹಿಡಿಯುತ್ತದೆ. ಆಗಸ್ಟ್‌ನಲ್ಲಿ ಬಯಲಲ್ಲಿ ಬಿತ್ತಲು ಆಗದು. ಚಪ್ಪರ ತನ್ನ ಖರ್ಚು ತೀರಿಸಿದ್ದು ಇಲ್ಲೇ. ಗೇಣುದ್ದ ಆದಾಗ ಕುಡಿ ಚಿವುಟಿದರೆ ಕವಲು ಜಾಸ್ತಿ, ಹೂವೂ ಜಾಸ್ತಿ. ಚಪ್ಪರದ ಸಸಿಯನ್ನು ಸೀದಾ ಬಿಸಿಲಿಗೆ ಇಟ್ಟರೆ ಬಾಡುತ್ತದೆ. ಮೊದಲ ದಿನ ಬೆಳಗಿನ ಒಂದು ತಾಸು, ಆಮೇಲೆ ದಿನದಿನಕ್ಕೆ ಹೆಚ್ಚಿಸುತ್ತ ಒಂದು ವಾರ ಕಳೆದ ಮೇಲೆ ನೆಲಕ್ಕೆ. ಜೀನಿಯಾವನ್ನು ಅಕ್ಟೋಬರ್‌ನಲ್ಲಿ ನೇರ ನೆಲಕ್ಕೇ ಬಿತ್ತಿದೆ. ಇಬ್ಬನಿ ಶುರುವಾದ ಮೇಲೆ ಅದರ ಎಲೆಗೆ ಬೂದಿ ರೋಗ ಬರುತ್ತದೆ, ನೀರು ಬುಡಕ್ಕೆ ಮಾತ್ರ ಕೊಡಬೇಕು.

ಇನ್ನು ಟೊಮೇಟೊ. ಹೋದ ವರ್ಷ ಪಕ್ಕದ ಮನೆಯ ಅಕ್ಕನ ಹಿತ್ತಲಲ್ಲಿ ಕಾಯಿ ಬಿಟ್ಟ ಗಿಡ ಎಲೆ ಹಳದಿಯಾಗದೇ ಹಸಿರಲ್ಲೇ ಬಾಡಿ ಸತ್ತಿತ್ತು. ಅವರು ನೀರು ಸಾಲದು ಎಂದು ಇನ್ನಷ್ಟು ಹಾಕುತ್ತಿದ್ದರು. ಬಾಡಿದ ಗಿಡದ ಬುಡದ ದಂಟನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಲ್ಲಿ ತೂಗುಹಾಕಿದೆವು. ಸ್ವಲ್ಪ ಹೊತ್ತಿಗೆ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಕೆಳಗಿಳಿಯಿತು. ಅದು ದುಂಡಾಣು ಸೊರಗು ರೋಗ, ರಾಲ್ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾದ್ದು. ನಮ್ಮ ಹುಳಿ, ಬಿಸಿ, ತೇವದ ಮಣ್ಣಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಸಿಂಪಡಿಸಿ ಕೊಲ್ಲುವ ಮದ್ದಿಲ್ಲ.

ಅದಕ್ಕೇ ಹೈಬ್ರಿಡ್. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿಗೆ ಈ ಸೊರಗು, ಎಲೆ ಮುದುಡು ನಂಜು, ಎಲೆಚುಕ್ಕೆಯ ಅಂಗಮಾರಿ ಮೂರನ್ನೂ ತಡೆಯುವ ಶಕ್ತಿ ಇದೆ. ಸೆಪ್ಟೆಂಬರ್‌ನಲ್ಲಿ ಚಪ್ಪರದಡಿ ಸಸಿ ಎಬ್ಬಿಸಿ, ಹಸ್ತ ಮಳೆ ಕಳೆದು ಗೋಣಿಚೀಲಕ್ಕೆ ನೆಟ್ಟೆ, ನೆಲಕ್ಕಲ್ಲ. ಟೊಮೇಟೊ, ಬದನೆ, ಮೆಣಸು ಒಂದೇ ಕುಲದವು. ಒಂದು ಸತ್ತ ಜಾಗದಲ್ಲಿ ಇನ್ನೊಂದನ್ನು ನೆಡಬಾರದು. ಅಲ್ಲಿ ಹರಿವೆ, ಬೆಂಡೆ, ಅಲಸಂದೆ ಹಾಕಬಹುದು. ಡಿಸೆಂಬರ್ ಹೊತ್ತಿಗೆ ಚೀಲದ ಗಿಡಗಳಲ್ಲಿ ಕಾಯಿ ಇದ್ದವು. ಕೆಲವು ಕಾಯಿಗೆ ತೊಟ್ಟಿನ ಎದುರು ತುದಿಯಲ್ಲಿ ಕಪ್ಪು ಕಲೆ ಬಂತು, ಅದು ರೋಗವಲ್ಲ, ನೀರಿನ ಏರುಪೇರಿನಿಂದ ಕಾಯಿಗೆ ಸುಣ್ಣದಂಶ ತಲುಪದೇ ಆಗುವುದು. ದಿನಾ ಒಂದೇ ಹೊತ್ತಿಗೆ ನೀರು ಕೊಟ್ಟ ಮೇಲೆ ಹೊಸ ಕಾಯಿಗೆ ಬರಲಿಲ್ಲ.

ಬೀಜ ಇಡುವುದು

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ, 2024ರ ಡಿಸೆಂಬರ್‌ನಲ್ಲಿ ತೀರಿಕೊಂಡವರು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ಸಸಿ ಎಬ್ಬಿಸಿದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. ಯಾವ ಮರದ ಬೀಜ ಆರಿಸಬೇಕು ಎಂಬ ತಾಯಿಮರದ ಗುರುತು ಅವರಿಗಿತ್ತು. ಹಿತ್ತಲಿಗೂ ಅದೇ ಲೆಕ್ಕ. ತಿಂದು ಉಳಿದ ಬಲಿತ ಬೆಂಡೆಯನ್ನು ಬೀಜಕ್ಕೆ ಬಿಡುವುದಲ್ಲ. ಚೆನ್ನಾಗಿ ಬಂದ ಗಿಡಕ್ಕೆ ಮೊದಲೇ ದಾರ ಕಟ್ಟಿ, ಅದರ ಒಳ್ಳೆಯ ಕಾಯಿ ಒಂದೆರಡನ್ನು ಕೊಯ್ಯದೇ ಒಣಗಲು ಬಿಟ್ಟೆ. ಎಲೆಯ ನರ ಹಳದಿಯಾಗಿ ಬಲೆಯಂತೆ ಕಾಣುವ ನಂಜು ಬಂದ ಗಿಡದ್ದು ಬೀಜಕ್ಕೆ ಇಡಲಿಲ್ಲ. ಅಂಥ ಗಿಡವನ್ನು ಕಿತ್ತು ಹಾಕುವುದೇ ಸರಿ. ಗೊಂಡೆಯದ್ದು ಹೂ ಗಿಡದಲ್ಲೇ ಒಣಗಿ ಕಂದಾದ ಮೇಲೆ ಬಿಡಿಸಿದೆ. ಒಳಗಿನ ಸೂಜಿಯಂಥ ಕಪ್ಪು ಕಡ್ಡಿಯೇ ಬೀಜ.

ನಮ್ಮ ಗಾಳಿಯ ತೇವ ಬೀಜಕ್ಕೆ ದೊಡ್ಡ ಶತ್ರು. ಬೀಜದ ತೇವ ಶೇ 1ರಷ್ಟು ಇಳಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಬೀಜ ವಿಜ್ಞಾನದ ಒಂದು ರೂಢಿ ಲೆಕ್ಕ. ಜನವರಿಯ ಒಣ ಹವೆಯಲ್ಲಿ ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ, ಹೆಸರು ಮತ್ತು ತಿಂಗಳು ಬರೆದು ಸ್ಟೀಲ್ ಡಬ್ಬಿಗೆ ಹಾಕಿದೆ. ಡಬ್ಬಿಯ ಅಡಿಗೆ ಹುರಿದು ಆರಿಸಿದ ಅಕ್ಕಿಯ ಒಂದು ಬಟ್ಟೆ ಗಂಟು, ತೇವ ಹೀರಲು. ಅಕ್ಕಿಯನ್ನು ತಿಂಗಳಿಗೊಮ್ಮೆ ಮತ್ತೆ ಹುರಿಯಬೇಕು. ಫ್ರಿಜ್‌ನಲ್ಲಿ ಇಡುವವರು ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ, ಒಳಗೆ ನೀರು ಹನಿಗಟ್ಟುತ್ತದೆ.

ಶೀಟನ್ನು ಬಿಚ್ಚಿ ತೊಳೆದು ಒಣಗಿಸಿ ಅಟ್ಟಕ್ಕೆ ಹಾಕಿಯಾಗಿದೆ. ಬೇಸಿಗೆಯಲ್ಲಿ ಅದು ಚಪ್ಪರದ ಮೇಲೆ ಸುಮ್ನೆ ಬಿಸಿಲು ತಿನ್ನುವುದು ಬೇಡ. ಕಟ್ಟೆಯ ಎರಡು ದಬ್ಬೆ ತುದಿಯಲ್ಲಿ ಮೆತ್ತಗಾಗಿವೆ, ಮೇ ಒಳಗೆ ಬದಲಿಸಬೇಕು. ಸಂತೆಯ ಅಮ್ಮನಿಗೆ ಕೊಡಲು ಒಂದು ಪೊಟ್ಟಣ ಗೊಂಡೆ ಬೀಜ ಬೇರೆ ತೆಗೆದಿಟ್ಟಿದ್ದೇನೆ, ಅವರು ಬಿಳಿ ಹಾಗಲದ ಬೀಜ ಕೊಡುತ್ತೇನೆ ಎಂದಿದ್ದಾರೆ.